ಹೊಲದ ಲೆಕ್ಕವೂ ಊರಿನ ಲೆಕ್ಕವೂ

ಸರ್ಕಾರಿ ಸೇವೆಯಲ್ಲಿದ್ದಾಗ ನಾನು ಭಾಗವಹಿಸಿದ ಪ್ರಗತಿ ಪರಿಶೀಲನಾ ಸಭೆಗಳಿಗೆ ಲೆಕ್ಕವಿಲ್ಲ. ಅಲ್ಲಿ ಕೇಳುತ್ತಿದ್ದುದು ಎರಡೇ ಪ್ರಶ್ನೆ: ಗುರಿ ಎಷ್ಟು, ಸಾಧನೆ ಎಷ್ಟು? ಹನಿ ನೀರಾವರಿ ಸಹಾಯಧನ ನಿಗದಿತ ಹೆಕ್ಟೇರುಗಳಿಗೆ ತಲುಪಿದ್ದರೆ ಶೇ 100 ಎಂದು ಬರೆದು ಮುಂದಿನ ವಿಷಯಕ್ಕೆ ಹೋಗುತ್ತಿದ್ದೆವು.

ಒಮ್ಮೆ ಕೋಲಾರ ಸೀಮೆಯ ಹಳ್ಳಿಯೊಂದರಲ್ಲಿ ಫಲಾನುಭವಿಯೊಬ್ಬರ ತೋಟಕ್ಕೆ ಹೋಗಿದ್ದೆ. ‘ನೀರು ಉಳಿಯಿತೇ?’ ಎಂದು ಕೇಳಿದೆ. ‘ಉಳೀತು ಸ್ವಾಮಿ, ಅದಕ್ಕೇ ಇನ್ನೊಂದೆಕರೆ ಟೊಮೆಟೊ ಹಾಕಿದೀನಿ’ ಎಂದರು. ಪಂಪು ಮೊದಲಿನಷ್ಟೇ ಹೊತ್ತು ಓಡುತ್ತಿತ್ತು. ಪಕ್ಕದ ಹೊಲದ ಕೊಳವೆಬಾವಿ ಬತ್ತಿತ್ತು. ನನ್ನ ನಮೂನೆಯಲ್ಲಿ ಪಕ್ಕದ ಹೊಲಕ್ಕೆ ಅಂಕಣವೇ ಇರಲಿಲ್ಲ. ಶೇ 100 ಎಂದೇ ಬರೆದೆ.

ಆ ರೈತರದು ತಪ್ಪಲ್ಲ. ಯಂತ್ರಗಳು ಕಲ್ಲಿದ್ದಲನ್ನು ಮಿತವಾಗಿ ಬಳಸತೊಡಗಿದರೆ ಒಟ್ಟು ಬಳಕೆ ಇಳಿಯುವುದಿಲ್ಲ, ಏರುತ್ತದೆ ಎಂದು ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ತೋರಿಸಿದ್ದರು. ಎಂ.ಎ. ತರಗತಿಯಲ್ಲಿ ಓದಿದ್ದ ಈ ಪಾಠ ಹೊಲದ ಬದುವಿನಲ್ಲಿ ನೆನಪಾಗಲಿಲ್ಲ. ಅಲ್ಲದೆ ಹಾಯಿನೀರಿನಲ್ಲಿ ‘ವ್ಯರ್ಥ’ವಾಗುತ್ತಿದ್ದ ನೀರಿನ ಒಂದು ಪಾಲು ಭೂಮಿಗೆ ಇಂಗಿ ಅಂತರ್ಜಲವನ್ನೇ ಸೇರುತ್ತಿತ್ತು. ಹೀಗಾಗಿ ಒಂದು ಹೊಲದ ಉಳಿತಾಯ ಊರಿನ ಉಳಿತಾಯವಾಗಲೇಬೇಕೆಂದಿಲ್ಲ.

ಇದರ ಸುತ್ತ ಇನ್ನೊಂದು ವರ್ತುಲವಿದೆ. ರಾಜ್ಯದಲ್ಲಿ 2008ರಿಂದ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ನೀರೆತ್ತಲು ವೆಚ್ಚವಿಲ್ಲದಿದ್ದರೆ ಎತ್ತುವುದು ಹೆಚ್ಚುತ್ತದೆ, ಜಲಮಟ್ಟ ಕುಸಿಯುತ್ತದೆ, ಮತ್ತಷ್ಟು ಆಳದ ಬಾವಿಗೆ ಸಾಲ, ಆ ಸಾಲ ತೀರಿಸಲು ಹೆಚ್ಚು ಹಣ ತರುವ, ಹೆಚ್ಚು ನೀರು ಬೇಡುವ ಬೆಳೆ. ಸಹಾಯಧನ ಒಂದು ಇಲಾಖೆಯದು, ವಿದ್ಯುತ್ ಇನ್ನೊಂದರದು, ಅಂತರ್ಜಲ ಮತ್ತೊಂದರದು. ಪ್ರತಿ ಇಲಾಖೆಯೂ ತನ್ನ ಗುರಿ ಮುಟ್ಟಿರುತ್ತದೆ. ಊರು ಮಾತ್ರ ಸೋತಿರುತ್ತದೆ.

ಬಿಡಿ ಭಾಗಗಳನ್ನಲ್ಲ, ಅವುಗಳ ನಡುವಿನ ಸಂಬಂಧವನ್ನು ನೋಡಬೇಕೆನ್ನುವುದೇ ವ್ಯವಸ್ಥಾ ಚಿಂತನೆ. ಅದಕ್ಕೆ ದೊಡ್ಡ ಗಣಕಯಂತ್ರವೇ ಬೇಕಾಗಿಲ್ಲ. 2019ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆ, ಗ್ರಾಮ ಪಂಚಾಯಿತಿ ಮಟ್ಟದಲ್ಲೇ ನೀರಿನ ಆಯವ್ಯಯ ತಯಾರಿಸುವ ದಾರಿ ತೋರಿತು. ಯಾವುದೇ ಕೃಷಿ ಯೋಜನೆಯ ಮೌಲ್ಯಮಾಪನಕ್ಕೆ ಇದೇ ಆರಂಭಬಿಂದುವಾಗಬೇಕು. ಊರಿನಲ್ಲಿ ಒಟ್ಟು ಎಷ್ಟು ನೀರು ಇಂಗಿತು, ಎಷ್ಟನ್ನು ಮೇಲೆತ್ತಲಾಯಿತು, ಐದು ವರ್ಷಗಳ ಬಳಿಕ ಜಲಮಟ್ಟ ಎಲ್ಲಿದೆ, ಕುಟುಂಬದ ಸಾಲ ಇಳಿಯಿತೇ ಎಂಬುದನ್ನು ಅಳೆಯಬೇಕು. ಸಹಾಯಧನ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ವಿಸ್ತೀರ್ಣ ಹಿಗ್ಗಿಸುವುದಿಲ್ಲವೆಂಬ ಊರೊಟ್ಟಿನ ಒಪ್ಪಂದದೊಡನೆ ಅದು ಬರಲಿ.

ಅಂದು ನಾನು ಭರ್ತಿ ಮಾಡಿದ ನಮೂನೆಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಪಕ್ಕದ ಹೊಲದವರಿಗೆ ಅದನ್ನು ಓದಿ ಹೇಳುವ ಧೈರ್ಯ ನನಗೆ ಇಂದಿಗೂ ಇಲ್ಲ.