ಬಂಡೆಯೊಳಗಣ ಹಿಡಿತ

ದನಕರುಗಳಿರುವ ಮನೆಯ ಅಂಗಳದಲ್ಲಿ ಗೂಟವೊಂದು ಇದ್ದೇ ಇರುತ್ತದೆ. ಅದರ ಮುಕ್ಕಾಲು ಪಾಲು ನೆಲದಲ್ಲಿ ಹೂತಿರುತ್ತದೆ. ಕಣ್ಣಿಗೆ ಕಾಣುವುದು ಗೇಣುದ್ದ ಮಾತ್ರ. ಬಲಿತ ಹೋರಿಯೊಂದು ಕೊರಳ ಹಗ್ಗವನ್ನು ಜಗ್ಗಿ ಎಳೆದರೂ ಗೂಟ ಅಲುಗುವುದಿಲ್ಲ. ಹೋರಿಯನ್ನು ತಡೆದು ನಿಲ್ಲಿಸಿದುದು ಯಾವುದು? ಕಟ್ಟಿಗೆಯೆ? ಅಲ್ಲ. ಅದೇ ಕಟ್ಟಿಗೆಯನ್ನು ಸಡಿಲವಾದ ಮರಳಿನಲ್ಲಿ ನೆಟ್ಟರೆ ಎಳೆಗರುವೂ ಅದನ್ನು ಕಿತ್ತುಕೊಂಡು ಓಡೀತು. ಹೋರಿಯನ್ನು ಹಿಡಿದಿರುವುದು ಗೂಟದ ಸುತ್ತಲಿನ ನೆಲ.

ತೊಗರಿ ಬೆಳೆಯುವ ನಮ್ಮ ಸೀಮೆಯ ಮಕ್ಕಳು ಈ ಸತ್ಯವನ್ನು ಹೊಲದಲ್ಲಿಯೇ ಕಂಡಿರುತ್ತಾರೆ. ಒಣಗಿದ ಎರೆಭೂಮಿಯಲ್ಲಿ ನಿಂತ ತೊಗರಿಯ ಗಿಡವನ್ನು ಕೈಯಿಂದ ಕೀಳಲು ಹೋದರೆ ಅಂಗೈ ಕೆಂಪಾಗುತ್ತದೆಯೇ ಹೊರತು ಗಿಡ ಬರುವುದಿಲ್ಲ. ಒಂದು ಮಳೆ ಬಿದ್ದು ನೆಲ ಮೆತ್ತಗಾದರೆ ಅದೇ ಗಿಡ ಬುಡದ ಮಣ್ಣಿನ ಹೆಂಟೆಯನ್ನೂ ಹೊತ್ತುಕೊಂಡು ಮೇಲೆದ್ದು ಬರುತ್ತದೆ. ಬೇರು ಎಷ್ಟು ಗಟ್ಟಿಯೆಂಬುದರ ಮೇಲೆ ಮಾತ್ರವಲ್ಲ, ಅದನ್ನು ಅಪ್ಪಿಕೊಂಡಿರುವ ನೆಲ ಎಷ್ಟು ಗಟ್ಟಿಯೆಂಬುದರ ಮೇಲೂ ಹಿಡಿತ ನಿಂತಿದೆ.

ನೆಲದ ಮಾತಾಯಿತು, ಕಲ್ಲಿನ ಮಾತು ಹೇಗೆ? ಅಜ್ಜಿಯ ಬೀಸುಕಲ್ಲನ್ನು ನೆನೆಯಿರಿ. ಮೇಲಿನ ಕಲ್ಲಿನಲ್ಲಿ ಒಂದು ಸಣ್ಣ ಕುಳಿ. ಆ ಕುಳಿಯಲ್ಲಿ ಬಿಗಿಯಾಗಿ ಬಡಿದು ಕೂರಿಸಿದ ಕಟ್ಟಿಗೆಯ ಗೂಟ. ಆ ಗೂಟವನ್ನು ಹಿಡಿದು ಜೋಳ ಬೀಸುತ್ತ ಎಷ್ಟೋ ಜನ ತಾಯಂದಿರು ತಮ್ಮ ಆಯುಷ್ಯದ ಬೆಳಗುಗಳನ್ನು ಕಳೆದರು. ಕಲ್ಲಿನಲ್ಲಿ ರಂಧ್ರ ಕೊರೆದು, ಅದರಲ್ಲಿ ಬೇರೊಂದು ವಸ್ತುವನ್ನು ಭದ್ರವಾಗಿ ನೆಡುವ ವಿದ್ಯೆ ಹೀಗೆ ನಮ್ಮ ಅಡುಗೆಮನೆಯಷ್ಟೇ ಹಳೆಯದು. ಯಂತ್ರಗಳ ಬುಡವನ್ನೂ ಸುರಂಗಗಳ ಚಾವಣಿಯನ್ನೂ ಹಿಡಿದಿರುವ ಆಂಕರ್ ಬೋಲ್ಟು ಇದೇ ವಿದ್ಯೆಯ ಬೆಳೆದ ರೂಪ.

ಈ ವಿದ್ಯೆಯ ಮರ್ಮವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಆಳಂದ ತಾಲ್ಲೂಕಿನ ಖಜೂರಿಯ ಒಂದು ಬಾವಿಯ ದಂಡೆಯಲ್ಲಿ. ಆ ಭಾಗದ ನೆಲದ ರಚನೆಯನ್ನು ಮೊದಲು ಹೇಳಬೇಕು. ಮೇಲೆ ಕಪ್ಪು ಎರೆಮಣ್ಣು. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಕೆಳಗೆ ಗರಸು. ಗರಸಿನ ಕೆಳಗೆ ಕರಿಯ ಬಂಡೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸ ಪದರ ಪದರವಾಗಿ ಆರಿ ಗಟ್ಟಿಯಾದ ಬಸಾಲ್ಟ್ ಶಿಲೆ ಇದು. ಮಹಾರಾಷ್ಟ್ರದಿಂದ ನಮ್ಮ ಗಡಿಯೊಳಕ್ಕೆ ಇಳಿದು ಬಂದಿರುವ ಈ ಬಂಡೆಯನ್ನು ಒಡೆದೇ ಇಲ್ಲಿಯ ರೈತರು ಬಾವಿ ತೋಡಿದರು.

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ನಾನು ಆಗ ಹೊಸದಾಗಿ ಉಪಾಧ್ಯಾಯನಾಗಿದ್ದೆ. ಬೇಸಿಗೆಯಲ್ಲಿ ಬಾವಿಯ ನೀರು ಕೆಳಗಿಳಿದಾಗ ಎಂಜಿನ್ನನ್ನು ದಂಡೆಯ ಮೇಲಿಟ್ಟು ನೀರೆತ್ತುವುದು ಸಾಧ್ಯವಾಗುವುದಿಲ್ಲ. ಏಕೆಂದರೆ ಇಂತಹ ಪಂಪು ಏಳೆಂಟು ಮೀಟರಿಗಿಂತ ಹೆಚ್ಚು ಆಳದಿಂದ ನೀರನ್ನು ಹೀರಲಾರದು. ಆದುದರಿಂದ ಬಾವಿಯ ಒಡಲಲ್ಲಿಯೇ ಬಂಡೆಯನ್ನು ಕಡಿದು ಕಟ್ಟೆಯಂತೆ ಮಾಡಿ, ಎಂಜಿನ್ನನ್ನು ಅಲ್ಲಿಗೆ ಇಳಿಸಿ, ನಾಲ್ಕು ಬೋಲ್ಟುಗಳಿಂದ ಬಿಗಿಯುತ್ತಿದ್ದರು. ಹಾಗೆ ಬಿಗಿದಿದ್ದ ಎಂಜಿನ್ನೊಂದು ಒಂದು ಮುಂಜಾನೆ ನಡುಗುತ್ತ ನಡುಗುತ್ತ ಸರಿದು, ಬೋಲ್ಟುಗಳನ್ನು ಕಿತ್ತುಕೊಂಡು ನೀರಿಗೆ ಉರುಳಿತು. ಅದಕ್ಕೆ ಸ್ವಲ್ಪ ಹೊತ್ತಿನ ಮೊದಲು ಅದರ ಕೆಳಗೆ ಹುಡುಗನೊಬ್ಬ ಕುಳಿತು ಪೈಪು ಸರಿಪಡಿಸುತ್ತಿದ್ದನು. ಅವನು ಬುತ್ತಿ ಉಣ್ಣಲು ಮೇಲೆ ಬಂದಿದ್ದುದರಿಂದ ಬದುಕಿದನು.

ಊರಿನ ವೃದ್ಧ ಕಲ್ಲುಕುಟಿಗರೊಬ್ಬರನ್ನು ಕರೆತಂದರು. ಅವರು ಕಟ್ಟೆಯ ಮೇಲೆ ಬಿದ್ದಿದ್ದ ಒಂದು ಬೋಲ್ಟನ್ನು ಎತ್ತಿಕೊಂಡರು. ಬೋಲ್ಟು ಮುರಿದಿರಲಿಲ್ಲ, ಬಾಗಿರಲೂ ಇಲ್ಲ. ಅದರ ಸುತ್ತ ಸಿಮೆಂಟು ಅಚ್ಚಿನಲ್ಲಿ ಎರೆದಂತೆ ಹಾಗೆಯೇ ಅಂಟಿಕೊಂಡಿತ್ತು. ಅವರು ಅದರ ಮೇಲೆ ಬೆರಳಾಡಿಸಿ ನನ್ನ ಮುಂದೆ ಹಿಡಿದರು. ಬೆರಳಿಗೆ ಬೂದುಬಣ್ಣದ ಹಿಟ್ಟಿನಂತಹ ಪುಡಿ ಹತ್ತಿತ್ತು.

"ಹಂಗಾದ್ರ ಬೋಲ್ಟು ಸಣ್ಣದಾಯ್ತೇನು ಮುತ್ಯಾ?" ಎಂದು ಕೇಳಿದೆ.

"ಬೋಲ್ಟಿಂದು ತಪ್ಪಿಲ್ಲರಿ ಮಾಸ್ತರ್ರೆ, ತೂತಿಂದು ತಪ್ಪದ. ಕೊರದ ಧೂಳು ತೂತಿನ್ಯಾಗೇ ಉಳದದ. ಸಿಮೆಂಟು ಕಲ್ಲು ಹಿಡದಿಲ್ಲ, ಧೂಳು ಹಿಡದದ" ಎಂದರು.

ಆ ಒಂದು ಮಾತಿನಲ್ಲಿ ಈ ಶಾಸ್ತ್ರದ ಸಾರವೆಲ್ಲ ಅಡಗಿದೆ. ಲೆಕ್ಕ ಹಾಕಿ ನೋಡೋಣ. 20 ಮಿಲಿಮೀಟರ್ ವ್ಯಾಸದ ಉಕ್ಕಿನ ಸರಳಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 314 ಚದರ ಮಿಲಿಮೀಟರ್. ಸಾಧಾರಣ ಮೆದು ಉಕ್ಕು ಪ್ರತಿ ಚದರ ಮಿಲಿಮೀಟರಿಗೆ 250 ನ್ಯೂಟನ್ ಎಳೆತವನ್ನು ತಾಳಿಕೊಳ್ಳುತ್ತದೆ; ಆಮೇಲೆ ಹಿಗ್ಗತೊಡಗುತ್ತದೆ. ಅಂದರೆ ಒಂದೇ ಸರಳು 78,500 ನ್ಯೂಟನ್, ಸುಮಾರು ಎಂಟು ಟನ್ ಭಾರವನ್ನು ಹೊರಬಲ್ಲುದು. ಬಾವಿಯ ಎಂಜಿನ್ನು ಕೆಲವು ನೂರು ಕಿಲೋಗ್ರಾಂ ತೂಗುವ ವಸ್ತು. ನಾಲ್ಕು ಬೋಲ್ಟುಗಳಿದ್ದೂ ಅದು ಉರುಳಿತು. ಕೊರತೆಯಿದ್ದುದು ಉಕ್ಕಿನಲ್ಲಿ ಅಲ್ಲ, ಉಕ್ಕು ಮತ್ತು ಕಲ್ಲಿನ ಸಂಬಂಧದಲ್ಲಿ.

ಈ ಸಂಬಂಧವನ್ನು ಬೆಸೆಯುವ ವಿಧಾನಗಳು ಮುಖ್ಯವಾಗಿ ಎರಡು. ಮೊದಲನೆಯದು ಒತ್ತಿ ಹಿಡಿಯುವುದು. ಬೋಲ್ಟಿನ ತುದಿಯಲ್ಲಿ ಬೆಣೆಯೊಂದನ್ನಿಟ್ಟು, ಬಡಿದಾಗ ಇಲ್ಲವೆ ನಟ್ಟು ತಿರುಗಿಸಿದಾಗ ಆ ತುದಿ ಅಗಲವಾಗಿ ರಂಧ್ರದ ಗೋಡೆಯನ್ನು ಒತ್ತುವಂತೆ ಮಾಡುತ್ತಾರೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಹಿಡಿತ. ಗೋಡೆಗೆ ಗಡಿಯಾರ ತೂಗುಹಾಕಲು ನಾವು ಬಳಸುವ ಪ್ಲಗ್ಗಿನ ತತ್ತ್ವವೂ ಇದೇ. ಸುಮಾರು 1911ರಲ್ಲಿ ಇಂಗ್ಲೆಂಡಿನ ಜಾನ್ ಜೋಸೆಫ್ ರಾಲಿಂಗ್ಸ್ ಎಂಬಾತನು ನಾರಿನಿಂದ ಇಂತಹ ಪ್ಲಗ್ಗನ್ನು ಮಾಡಿದನು. ಎರಡನೆಯದು ಅಂಟಿ ಹಿಡಿಯುವುದು. ಬೋಲ್ಟಿಗಿಂತ ತುಸು ದೊಡ್ಡದಾದ ರಂಧ್ರವನ್ನು ಕೊರೆದು, ಸುತ್ತಲ ತೆರಪನ್ನು ಸಿಮೆಂಟಿನ ಗಟ್ಟಿ ಪಾಕದಿಂದಲೋ, ಬೇಗನೆ ಗಟ್ಟಿಯಾಗುವ ಕೃತಕ ರಾಳದಿಂದಲೋ ತುಂಬುತ್ತಾರೆ. ಇಲ್ಲಿ ರಂಧ್ರದ ಉದ್ದಕ್ಕೂ ಹಿಡಿತ ಹರಡಿರುತ್ತದೆ.

ಮುತ್ಯಾ ಎರಡನ್ನೂ ಕೂಡಿಸಿದರು. ಹೊಸ ಬೋಲ್ಟುಗಳ ಬಾಲವನ್ನು ಕಮ್ಮಾರನಿಂದ ಸೀಳಿಸಿ, ಆ ಸೀಳಿನಲ್ಲಿ ಕಬ್ಬಿಣದ ಬೆಣೆ ಇಡಿಸಿದರು. ಆದರೆ ಅದಕ್ಕೂ ಮೊದಲು ಅರ್ಧ ದಿನವನ್ನು ಸ್ಥಳ ಹುಡುಕುವುದರಲ್ಲಿಯೇ ಕಳೆದರು. ಸುತ್ತಿಗೆಯಿಂದ ಬಂಡೆಯನ್ನು ತಟ್ಟುತ್ತ ಹೋಗುವುದು, ಕಿವಿಗೊಟ್ಟು ಕೇಳುವುದು. ಖಣಖಣ ಎಂದರೆ ಬಂಡೆ ಅಖಂಡ. ಬದ್ ಎಂದರೆ ಒಳಗೆ ಬಿರುಕು, ಇಲ್ಲವೆ ಕೊಳೆತ ಪದರ. ಲಾವಾದ ಎರಡು ಹರಿವುಗಳ ನಡುವೆ ಕೆಂಪುಮಣ್ಣಿನಂತಹ ಮೆತ್ತನೆಯ ಪದರವೂ, ಗುಳ್ಳೆಗಳಿಂದ ತೂತುತೂತಾದ ಕಲ್ಲೂ ಇರುವ ಈ ನಾಡಿನಲ್ಲಿ ಕಿವಿಯ ಪರೀಕ್ಷೆ ಬಹು ಮುಖ್ಯವಾದುದು.

ಬಂಡೆಯ ಅಂಚಿಗೆ ಸಮೀಪವಾಗಿ ಕೊರೆಯಲು ಅವರು ಒಪ್ಪಲಿಲ್ಲ. ಕಾರಣ ಕೇಳಿದಾಗ, ಕಲ್ಲು ಸೀಳುವುದು ಹೇಗೆಂದು ನನ್ನನ್ನೇ ಮರಳಿ ಕೇಳಿದರು. ಖಣಿಯಲ್ಲಿ ಬಂಡೆಯ ಅಂಚಿನುದ್ದಕ್ಕೂ ಸಾಲಾಗಿ ಕುಳಿ ಕೊರೆದು, ಪ್ರತಿಯೊಂದರಲ್ಲಿ ಬೆಣೆ ಇಟ್ಟು ಬಡಿದರೆ ಬಂಡೆ ನೆಟ್ಟಗೆ ಸೀಳುತ್ತದೆ. ಕಲ್ಲನ್ನು ಹಿಡಿಯುವ ಬೆಣೆಯೇ ಅಂಚಿಗೆ ಬಂದರೆ ಕಲ್ಲನ್ನು ಒಡೆಯುತ್ತದೆ! ಆದುದರಿಂದ ಬೋಲ್ಟು ಅಂಚಿನಿಂದ ದೂರವಿರಬೇಕು. ಒಂದು ಬೋಲ್ಟಿಗೂ ಮತ್ತೊಂದಕ್ಕೂ ನಡುವೆ ಅಂತರವಿರಬೇಕು. ರಂಧ್ರ ಆಳವಾಗಿಯೂ ಇರಬೇಕು. ಮೇಲುಮೇಲೆ ನೆಟ್ಟ ಬೋಲ್ಟು ತಾನು ಕೀಳುವಾಗ, ಮಳೆಗಾಲದ ತೊಗರಿಯ ಗಿಡ ಹೆಂಟೆಯನ್ನು ಎತ್ತುವಂತೆ, ಶಂಕುವಿನಾಕಾರದ ಕಲ್ಲಿನ ತುಂಡನ್ನೇ ಕಿತ್ತು ತರುತ್ತದೆ. ಆಳ ಹೆಚ್ಚಿದಂತೆ ಆ ಶಂಕುವೂ ಹಿರಿದಾಗಿ ಕೀಳುವುದು ದುಸ್ಸಾಧ್ಯವಾಗುತ್ತದೆ.

ಕೊರೆಯುವ ಕೆಲಸ ಸಲಾಕೆ ಮತ್ತು ಸುತ್ತಿಗೆಯಿಂದ ನಡೆಯಿತು. ಒಂದೊಂದು ಪೆಟ್ಟಿಗೂ ಸಲಾಕೆಯನ್ನು ತುಸು ತಿರುಗಿಸಿದರೆ ಮಾತ್ರ ರಂಧ್ರ ಗುಂಡಗಾಗುತ್ತದೆ. ಬಳಿಕ ಬಂದಿತು ನಿಜವಾದ ಕೆಲಸ. ಊದುಗೊಳವೆಯನ್ನು ರಂಧ್ರದ ತಳದವರೆಗೆ ಇಳಿಸಿ ಊದಿದರು, ಕಡ್ಡಿಗೆ ಒರಟು ಅರಿವೆ ಸುತ್ತಿ ಗೋಡೆಯನ್ನು ತಿಕ್ಕಿದರು, ಮತ್ತೆ ಊದಿದರು. ಅರಿವೆ ಬೂದುಬಣ್ಣಕ್ಕೆ ತಿರುಗುವುದು ನಿಲ್ಲುವವರೆಗೆ ಇದು ಸಾಗಿತು. ಕೊನೆಗೆ ನೀರಿನಿಂದ ತೊಳೆದು, ತಳದಲ್ಲಿ ನಿಂತ ನೀರನ್ನು ಹಿಂಡಿ ತೆಗೆದರು. ಇಂದಿನ ಕಾರ್ಮಿಕರು ವಿದ್ಯುತ್ ಯಂತ್ರದಿಂದ ನಿಮಿಷಾರ್ಧದಲ್ಲಿ ರಂಧ್ರ ಕೊರೆಯುತ್ತಾರೆ. ಆದರೆ ಊದುವುದು, ಉಜ್ಜುವುದು, ಮತ್ತೆ ಊದುವುದು ಎಂಬ ಕ್ರಮ ಮಾತ್ರ ಅಂದಿನಂತೆಯೇ ಇದೆ. ರಾಳ ಬಳಸುವಲ್ಲಿ ಧೂಳಿನ ತೆಳುಪೊರೆ ಉಳಿದರೂ ಹಿಡಿತ ಬಹಳವಾಗಿ ಕುಗ್ಗುತ್ತದೆ.

ಬೋಲ್ಟುಗಳನ್ನು ನೆಟ್ಟದ್ದಾಯಿತು. ಬೆಣೆ ತಳಕ್ಕೆ ತಾಗಿ ಬಾಲ ಅಗಲವಾಯಿತು. ಸುತ್ತ ಸಿಮೆಂಟು ತುಂಬಿತು. ಆಗ ಹೊಲದ ಒಡೆಯನಿಗೂ ಮುತ್ಯಾನಿಗೂ ವಾದ ಹುಟ್ಟಿತು. ಕಬ್ಬು ಬಾಡುತ್ತಿತ್ತು, ಮೂರನೆಯ ದಿನಕ್ಕೇ ಎಂಜಿನ್ನು ನಡೆಸಬೇಕೆಂದು ಒಡೆಯನು ಹಟ ಹಿಡಿದನು. ಸಿಮೆಂಟು ಮುಟ್ಟಿದರೆ ಗಟ್ಟಿಯೆನಿಸುವುದು ಒಂದೇ ದಿನದಲ್ಲಿ. ಅದು ಬಹುಪಾಲು ಬಲ ಪಡೆಯಲು ಒಂದು ವಾರ ಬೇಕು. ಪೂರ್ಣ ಬಲಕ್ಕೆ 28 ದಿನಗಳೆಂಬುದು ಎಂಜಿನಿಯರುಗಳ ಲೆಕ್ಕ. ಮುತ್ಯಾನಿಗೆ ಈ ಲೆಕ್ಕ ತಿಳಿದಿರಲಿಲ್ಲ. "ಕಬ್ಬು ಒಣಗಿದ್ರ ಮತ್ತ ಹಚ್ಚಬಹುದು ಧಣಿ, ಆ ಹುಡುಗ ಹ್ವಾದ್ರ ಎಲ್ಲಿಂದ ತರ್ತೀರಿ?" ಎಂದಷ್ಟೇ ಹೇಳಿದರು. ನೆರೆಹೊಲದವರಿಂದ ಎರಡು ಪಾಳಿ ನೀರು ಬೇಡಿ ಪಡೆದರು. ಹನ್ನೆರಡನೆಯ ದಿನ ಎಂಜಿನ್ನು ನಡೆಯಿತು. ಆ ಮೊದಲು ಮುತ್ಯಾ ಪಾನಾ ಹಿಡಿದು ನಾಲ್ಕು ನಟ್ಟುಗಳನ್ನು ಸರದಿಯಂತೆ, ಸಮನಾಗಿ ಬಿಗಿದರು. ಬಿಗಿದ ಬೋಲ್ಟು ಎಂಜಿನ್ನಿನ ಬುಡವನ್ನು ಬಂಡೆಗೆ ಒತ್ತಿ ಹಿಡಿಯುತ್ತದೆ. ಆಗ ನಡುಕವನ್ನು ತಡೆಯುವುದು ಇಡೀ ಬಂಡೆ.

ಯಂತ್ರವನ್ನು ಬಂಡೆಗೆ ಬಿಗಿಯುವುದು ಹೀಗಾದರೆ, ಬಂಡೆಯನ್ನು ಬಂಡೆಗೇ ಬಿಗಿಯುವ ಕಾರ್ಯವೂ ಒಂದಿದೆ. ಗಣಿ ಮತ್ತು ಸುರಂಗಗಳಲ್ಲಿ ತಲೆಯ ಮೇಲಿನ ಶಿಲೆ ಬಿರುಕು ಬಿಟ್ಟಿರುತ್ತದೆ. ಅದನ್ನು ಕೆಳಗಿನಿಂದ ಕಂಬ ಕೊಟ್ಟು ನಿಲ್ಲಿಸುವುದು ಹಳೆಯ ಪದ್ಧತಿ. ಮೇಲ್ಮುಖವಾಗಿ ಕೆಲವು ಮೀಟರ್ ಉದ್ದದ ರಂಧ್ರಗಳನ್ನು ಕೊರೆದು, ಬೋಲ್ಟುಗಳಿಂದ ಸಡಿಲ ಶಿಲೆಯನ್ನು ಒಂದುಗೂಡಿಸುವುದು ಹೊಸ ಪದ್ಧತಿ. ಶಹಾಬಾದಿನ ಹಾಸುಗಲ್ಲುಗಳನ್ನು ಒಂದರ ಮೇಲೊಂದು ಬರಿದೆ ಪೇರಿಸಿದರೆ ಒಂದೊಂದೂ ತನ್ನಷ್ಟಕ್ಕೆ ಬಾಗಿ ಮುರಿಯುತ್ತದೆ. ಅವೆಲ್ಲವನ್ನೂ ಕೀಲುಗಳಿಂದ ಬಿಗಿದು ಒಂದಾಗಿಸಿದರೆ ದಪ್ಪನಾದ ತೊಲೆಯಾಗಿ ನಿಲ್ಲುತ್ತದೆ. ಆಸ್ಟ್ರೇಲಿಯದಲ್ಲಿ 1949ರಿಂದ 1974ರವರೆಗೆ ನಡೆದ ಸ್ನೋಯಿ ಪರ್ವತ ಜಲವಿದ್ಯುತ್ ಯೋಜನೆಯಲ್ಲಿ ಟಾಮ್ ಲ್ಯಾಂಗ್ ಎಂಬ ಎಂಜಿನಿಯರು ಇದನ್ನು ಬಕೆಟ್ಟೊಂದರಲ್ಲಿ ತೋರಿಸಿಕೊಟ್ಟನು. ಅದರಲ್ಲಿ ಜಲ್ಲಿ ತುಂಬಿ, ಸಣ್ಣ ಬೋಲ್ಟುಗಳಿಂದ ಬಿಗಿದು ಬೋರಲಾಗಿ ಹಿಡಿದರೂ ಜಲ್ಲಿ ಬೀಳಲಿಲ್ಲ!

ನಮ್ಮ ನಾಡಿಗೆ ಈ ವಿದ್ಯೆ ಹೊರಗಿನದಲ್ಲ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚುವ ಮೊದಲು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದವು. ಅಲ್ಲಿ ಶಿಲೆಯು ತನ್ನ ಮೇಲಿನ ಒತ್ತಡವನ್ನು ತಾಳಲಾರದೆ ಸಿಡಿಯುತ್ತಿತ್ತು; ಎಷ್ಟೋ ಕಾರ್ಮಿಕರು ಪ್ರಾಣ ತೆತ್ತರು. ಶಿಲೆಯ ನಡತೆಯನ್ನು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆ 1988ರಲ್ಲಿ ಆ ಊರಿನಲ್ಲಿಯೇ ಸ್ಥಾಪಿತವಾಯಿತು.

ಒಮ್ಮೆ ನೆಟ್ಟ ಬೋಲ್ಟನ್ನು ಮರೆಯಬಹುದೆ? ಮರೆಯಲಾಗದೆಂದು ಎರಡು ದುರಂತಗಳು ಹೇಳುತ್ತವೆ. ಅಮೆರಿಕದ ಬೋಸ್ಟನ್ ನಗರದ ಸುರಂಗಮಾರ್ಗದಲ್ಲಿ 2006ರ ಜುಲೈ 10ರಂದು ಚಾವಣಿಯ ಭಾರಿ ಹಲಗೆಗಳು ಕಾರಿನ ಮೇಲೆ ಬಿದ್ದು ಮಹಿಳೆಯೊಬ್ಬರು ಮೃತರಾದರು. ಬೋಲ್ಟುಗಳನ್ನು ಹಿಡಿದಿದ್ದ ರಾಳ ಸತತ ಭಾರಕ್ಕೆ ನಿಧಾನವಾಗಿ ಜಾರುವ ಬಗೆಯದಾಗಿತ್ತು. ಜಪಾನಿನ ಸಸಾಗೊ ಸುರಂಗದಲ್ಲಿ 2012ರ ಡಿಸೆಂಬರ್ 2ರಂದು ಇದೇ ರೀತಿ ಚಾವಣಿ ಕುಸಿದು ಒಂಬತ್ತು ಜನ ಮಡಿದರು. 1977ರಲ್ಲಿ ತೆರೆದ ಆ ಸುರಂಗವನ್ನು ದುರಂತಕ್ಕೆ ಕೆಲವೇ ತಿಂಗಳ ಮೊದಲು ತಪಾಸಣೆ ಮಾಡಿದ್ದರು. ಆದರೆ ನೆತ್ತಿಯ ಬೋಲ್ಟುಗಳನ್ನು ಕಣ್ಣಿನಿಂದ ನೋಡಿದ್ದರೇ ವಿನಾ ಸುತ್ತಿಗೆಯಿಂದ ತಟ್ಟಿ ನೋಡಿರಲಿಲ್ಲ.

ತೇವ ಮತ್ತೊಂದು ಶತ್ರು. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಸ್ಥಳವನ್ನು ಬೇಡುತ್ತದೆ. ಆಗ ಕಲ್ಲೇ ಬಿರಿಯುತ್ತದೆ. ಪುರಾತನ ಗ್ರೀಕರು ಪಾರ್ಥೆನಾನ್ ದೇಗುಲದ ಕಬ್ಬಿಣದ ಪಟ್ಟಿಗಳ ಸುತ್ತ ಸೀಸವನ್ನು ಎರೆದಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜೀರ್ಣೋದ್ಧಾರ ಮಾಡಿದವರು ಸೀಸವಿಲ್ಲದೆ ಕಬ್ಬಿಣವನ್ನು ಸೇರಿಸಿದರು. ಅದು ತುಕ್ಕು ಹಿಡಿದು ಅಮೃತಶಿಲೆಯನ್ನು ಸೀಳಿತು. ಬಳಿಕ ಅದನ್ನೆಲ್ಲ ತೆಗೆದು ಟೈಟಾನಿಯಂ ಲೋಹವನ್ನು ಬಳಸಬೇಕಾಯಿತು.

ಖಜೂರಿಯ ಆ ಬಾವಿಗೆ ಮುತ್ಯಾ ಪ್ರತಿ ಬೇಸಿಗೆಯಲ್ಲಿ ಒಮ್ಮೆ ಇಳಿಯುತ್ತಿದ್ದರು. ಯಾರೂ ಕರೆಯುತ್ತಿರಲಿಲ್ಲ, ಕೂಲಿಯನ್ನೂ ಕೇಳುತ್ತಿರಲಿಲ್ಲ. ನಾಲ್ಕು ಬೋಲ್ಟುಗಳನ್ನು ಒಂದೊಂದಾಗಿ ತಟ್ಟಿ, ಕಿವಿಗೊಟ್ಟು ಕೇಳಿ, ಸಡಿಲವಾದುದನ್ನು ಬಿಗಿದು ಮೇಲೆ ಬರುತ್ತಿದ್ದರು. ಕಬ್ಬಿಗೆ ನೀರು ಹರಿಯುತ್ತಿತ್ತು. ಬೋಲ್ಟಿನ ತಲೆ ಎಲ್ಲರಿಗೂ ಕಾಣುತ್ತದೆ. ರಂಧ್ರದ ತಳ ಯಾರಿಗೂ ಕಾಣುವುದಿಲ್ಲ. ಅದನ್ನು ನೋಡಿರುವವನು ಕೊರೆದವನೊಬ್ಬನೇ. ಆ ತಳವನ್ನು ಅವನು ಚೊಕ್ಕಟವಾಗಿ ತೊಳೆದಿದ್ದನೆ ಎಂಬುದರ ಮೇಲೆ, ಅವನ ಹೆಸರನ್ನೂ ಅರಿಯದ ಜನರ ಪ್ರಾಣ ನಿಂತಿರುತ್ತದೆ.