ವರ್ಷವೂ ಸುಟ್ಟು ವರ್ಷವೂ ಚಿಗುರುವ ಸಸಿಗಳು

ಶಿವರಾತ್ರಿ ಹತ್ತಿರವಾಯಿತೆಂದರೆ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಸೀಮೆಯಲ್ಲಿ ಹುಲ್ಲು ಒಣಗಿ ನಿಲ್ಲುತ್ತದೆ. ಮರಗಳು ಎಲೆ ಉದುರಿಸುತ್ತವೆ. ಆಗ ಒಂದು ಕಿಡಿ ಬಿದ್ದರೂ ಸಾಕು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹತ್ತಿದ ಬೆಂಕಿ ಹತ್ತು ಸಾವಿರ ಎಕರೆಗೂ ಮಿಕ್ಕಿ ಹಬ್ಬಿತ್ತು.

ಮಳೆ ಬಿದ್ದ ಮೇಲೆ ನೋಡಿದರೆ ದೊಡ್ಡ ಮರಗಳು ಹಸಿರಾಗಿರುತ್ತವೆ, ನೆಲದಲ್ಲಿ ಸಸಿಗಳೂ ಚಿಗುರಿರುತ್ತವೆ. ಕಾಡಿಗೆ ಏನೂ ಆಗಲಿಲ್ಲವೆಂದು ತೋರುವುದು ಸಹಜ. ಆದರೆ ಪದೇ ಪದೇ ಬೆಂಕಿ ಬೀಳುವ ಕಡೆ ಮುದಿ ಮರಗಳೂ ಮೊಣಕಾಲೆತ್ತರದ ಸಸಿಗಳೂ ಸಿಗುತ್ತವೆಯೇ ಹೊರತು ಇವೆರಡರ ನಡುವಿನ ಪ್ರಾಯದ ಮರಗಳು ಕಡಿಮೆ.

ಇದಕ್ಕೆ ಕಾರಣ ಸಸಿಯ ತೊಗಟೆಯಲ್ಲಿದೆ. ಬಲಿತ ಮತ್ತಿ, ಹೊನ್ನೆ ಮರಗಳ ದಪ್ಪ ತೊಗಟೆ ಒಳಗಿನ ಜೀವದ ಪದರವನ್ನು ಕಾಪಾಡುತ್ತದೆ. ಸಸಿಯ ತೊಗಟೆ ಎಳೆಯದು. ಹುಲ್ಲಿನ ಉರಿ ತಗುಲಿದರೆ ಕಾಂಡ ಬುಡದವರೆಗೂ ಸಾಯುತ್ತದೆ. ಬೇರು ಮಾತ್ರ ಬದುಕಿರುತ್ತದೆ. ಅಲ್ಲಿ ಕೂಡಿಟ್ಟ ಆಹಾರದಿಂದ ಮುಂಗಾರಿನಲ್ಲಿ ನಾಲ್ಕಾರು ಕುಡಿಗಳು ಏಳುತ್ತವೆ. ಮುಂದಿನ ಬೇಸಿಗೆಗೆ ಮತ್ತೆ ಬೆಂಕಿ, ಮತ್ತೆ ಬುಡದಿಂದಲೇ ಆರಂಭ. ಬೆರಳುಗಾತ್ರದ ಕುಡಿಯ ಕೆಳಗೆ ಹಲವು ವರ್ಷ ಹಳೆಯ ಬೇರಿರುವುದುಂಟು. ವಿಜ್ಞಾನಿಗಳು ಇದಕ್ಕೆ ಬೆಂಕಿಯ ಬೋನು ಎಂಬರ್ಥದ ಹೆಸರಿಟ್ಟಿದ್ದಾರೆ. ತುದಿ ಉರಿಗೆ ಎಟುಕದಷ್ಟು, ಅಂದರೆ ಸುಮಾರು ಎರಡು ಮೂರು ಮೀಟರು ಎತ್ತರವಾದರೆ ಮಾತ್ರ ಸಸಿಗೆ ಬಿಡುಗಡೆ. ಅಷ್ಟು ಬೆಳೆಯಲು ಅದಕ್ಕೆ ಬೆಂಕಿಯಿಲ್ಲದ ಕೆಲವು ವರ್ಷಗಳು ಒಟ್ಟಿಗೆ ಸಿಗಬೇಕು.

ಹುಲ್ಲಿನ ನಡುವೆ ವಿರಳವಾಗಿ ಮರಗಳಿರುವ ಸೀಮೆಗೆ ಸವನ್ನಾ ಎನ್ನುತ್ತಾರೆ. ನಮ್ಮ ಎಲೆಯುದುರುವ ಕಾಡುಗಳಲ್ಲಿ ಹಲವನ್ನು ಅದೇ ಗುಂಪಿಗೆ ಸೇರಿಸಬೇಕೆನ್ನುವ ತಜ್ಞರಿದ್ದಾರೆ. ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಇಂಥ ಸವನ್ನಾದ ತಾಕುಗಳನ್ನು 1954ರಿಂದ ಬೇರೆಬೇರೆ ಋತುಗಳಲ್ಲಿ, ಬೇರೆಬೇರೆ ಅಂತರದಲ್ಲಿ ಸುಟ್ಟು ಪರೀಕ್ಷಿಸಿದರು. ನಾಲ್ಕು ದಶಕದ ನಂತರ ಮರಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಗಾತ್ರ, ಎತ್ತರಗಳಲ್ಲಿ.

ಬೆಂಕಿ ಬೀಳುವ ಕಾಲವೂ ಮುಖ್ಯ. ಬಿಳಿಗಿರಿ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಬಲಿಯುವ ಮೊದಲೇ ತರಗುಬೆಂಕಿ ಹಾಕುತ್ತಿದ್ದರು. ಹುಲ್ಲಿನ ಬುಡದಲ್ಲಿ ಇನ್ನೂ ಪಸೆ ಇರುವಾಗ ಉರಿ ಮೇಲೇಳದೆ ಅಲ್ಲಲ್ಲಿ ತಾನೇ ಆರುತ್ತದೆ. 1974ರಲ್ಲಿ ಅಲ್ಲಿ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಅಲ್ಲಿಂದೀಚೆಗೆ ಲಂಟಾನ ಹೆಚ್ಚಿತು, ನೆಲ್ಲಿಮರಗಳಿಗೆ ಉಪ್ಪಿಲು ಬಂದಣಿಕೆ ಹತ್ತಿತು ಎಂಬುದು ಸೋಲಿಗರ ಮಾತು. ಲಂಟಾನದ ಪೊದೆಗೆ ಹತ್ತಿದ ಉರಿ ಹುಲ್ಲಿನ ಉರಿಗಿಂತ ಎತ್ತರಕ್ಕೆ ಏಳುವುದರಿಂದ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಹಾಗೆಂದು ಯಾರೂ ಕಾಡಿಗೆ ಕಡ್ಡಿ ಗೀರಬಾರದು. ಅದು ಶಿಕ್ಷಾರ್ಹ ಅಪರಾಧ.

ರೈತರು ಇದನ್ನು ತಮ್ಮ ಬದು, ಹುಲ್ಲುಬೀಳುಗಳಿಗೆ ಅನ್ವಯಿಸಿಕೊಳ್ಳಬಹುದು. ಬದುವಿನ ಹುಲ್ಲನ್ನು ಸುಡುವ ಬದಲು ಮಾಗಿಯಲ್ಲೇ ಕೊಯ್ದು ದನಗಳಿಗೆ ಹಾಕುವುದು ಲೇಸು. ತಾನಾಗಿ ಹುಟ್ಟಿದ ಬೇವು, ಹೊನ್ನೆ ಸಸಿಗಳ ಸುತ್ತ ಒಂದು ಮಾರು ಅಗಲ ಹುಲ್ಲು, ತರಗು ಕೆರೆದು ತೆಗೆಯಬೇಕು. ಬೆಂಕಿ ತಗುಲಿದ ಸಸಿಯನ್ನು ಸತ್ತಿತೆಂದು ಕಿತ್ತೆಸೆಯುವುದು ಬೇಡ. ಸುಟ್ಟ ಕಾಂಡವನ್ನು ಹರಿತವಾದ ಕುಡುಗೋಲಿನಿಂದ ನೆಲಮಟ್ಟಕ್ಕೆ ಕತ್ತರಿಸಿ ಮಳೆಗೆ ಕಾಯಿರಿ. ಕುಡಿಗಳು ಗೇಣುದ್ದವಾದಾಗ ನೆಟ್ಟಗಿರುವ ಒಂದನ್ನು ಉಳಿಸಿ ಮಿಕ್ಕವನ್ನು ಸವರಿದರೆ ಬೇರಿನ ಕಸುವೆಲ್ಲ ಅದೊಂದಕ್ಕೇ ಹೋಗಿ ಬೇಗ ಎತ್ತರವಾಗುತ್ತದೆ. ಸುತ್ತ ಮುಳ್ಳು ಕಟ್ಟುವುದನ್ನು ಮಾತ್ರ ಮರೆಯಬಾರದು. ಬೆಂಕಿ ಬಿಟ್ಟದ್ದನ್ನು ಆಡು ಬಿಡುವುದಿಲ್ಲ.