ಬಳ್ಳಿಗಾವಿಯ ಪೇಟೆ, ಕೋಡಿಮಠದ ಪಂಕ್ತಿ

ಬಳ್ಳಿಗಾವಿಗೆ ಬಂದವರು ಕೇದಾರೇಶ್ವರನ ಗುಡಿ ಸುತ್ತಿ, ನಾಲ್ಕು ಫೋಟೊ ತೆಗೆದುಕೊಂಡು, ಹೊಟ್ಟೆ ಹಸಿದಾಗ ಶಿರಾಳಕೊಪ್ಪದ ಹೋಟೆಲಿನ ಕಡೆ ಗಾಡಿ ತಿರುಗಿಸುತ್ತಾರೆ. ದೂರವೇನಿಲ್ಲ, ಎರಡು ಮೂರು ಕಿಲೋಮೀಟರು. ಒಂಬೈನೂರು ವರ್ಷದ ಹಿಂದೆ ಜನ ಓಡಾಡುತ್ತಿದ್ದ ದಿಕ್ಕೇ ಬೇರೆ. ಸುತ್ತಲ ಸೀಮೆಯವರು ಕೊಳ್ಳಲು, ಮಾರಲು, ಓದಲು, ಮದ್ದು ಕೇಳಲು, ಕಡೆಗೆ ಒಂದು ತುತ್ತು ಉಣ್ಣಲು ಕೂಡ ಬಳ್ಳಿಗಾವಿಗೇ ಬರುತ್ತಿದ್ದರು.

ಹಳೆಯ ಅಂಗಡಿ, ಹೋಟೆಲುಗಳ ಮಾತು ತೆಗೆದರೆ ನಮ್ಮ ಕಡೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಶಿಕಾರಿಪುರ, ಸೊರಬ, ಶಿರಾಳಕೊಪ್ಪದ ಹಿರಿಯರನ್ನು ಕೇಳಿ ನೋಡಿ. ಸಂತೆಯ ದಿನದ ಮಂಡಕ್ಕಿ ಮಿರ್ಚಿ, ಹಲಗೆ ಬಾಗಿಲು ಒಂದೊಂದಾಗಿ ಕಳಚಿ ತೆರೆಯುತ್ತಿದ್ದ ಕಿರಾಣಿ ಅಂಗಡಿ, ಗಲ್ಲಾಪೆಟ್ಟಿಗೆಯ ಪಕ್ಕ ಊದಿನಕಡ್ಡಿ ಹಚ್ಚಿಟ್ಟ ಹೋಟೆಲು, ಲೆಕ್ಕದ ಪುಸ್ತಕದಲ್ಲಿ ಬರೆಸಿಟ್ಟ ಉದ್ರಿ, ಎಲ್ಲವೂ ಬರುತ್ತವೆ. ಆ ನೆನಪು ಐವತ್ತು ಅರವತ್ತು ವರ್ಷ ಹಿಂದಕ್ಕೆ ಹೋಗಿ ನಿಂತುಬಿಡುತ್ತದೆ. ಬಳ್ಳಿಗಾವಿ ಮಾತ್ರ ಇನ್ನೂ ಎಂಟುನೂರು ವರ್ಷ ಹಿಂದಕ್ಕೆ ಕರೆದುಕೊಂಡು ಹೋಗುತ್ತದೆ. ಅಲ್ಲಿಯ ಪೇಟೆಯ ಕಥೆ, ಅಡುಗೆಮನೆಯ ಕಥೆ ಎರಡನ್ನೂ ಕಲ್ಲಿನ ಮೇಲೆ ಬರೆಸಿಟ್ಟಿದ್ದಾರೆ, ಅದೂ ನಮ್ಮದೇ ಲಿಪಿಯಲ್ಲಿ.

ಕಲ್ಯಾಣ ಚಾಲುಕ್ಯರ ಕಾಲಕ್ಕೆ ಬಳ್ಳಿಗಾವಿ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ. ಶಾಸನಗಳು ಇದನ್ನು ‘ಅನಾದಿ ರಾಜಧಾನಿ’ ಎಂದು ಕರೆಯುತ್ತವೆ. 1047ರಲ್ಲಿ ಈ ನಾಡನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಚಾವುಂಡರಾಯರಸ ಇಲ್ಲಿ ಗಂಡಭೇರುಂಡದ ಕಂಬ ನಿಲ್ಲಿಸಿದ. ಊರೊಳಗೆ ಅದು ಈಗಲೂ ಇದೆ. ಜನರ ಬಾಯಲ್ಲಿ ಅದು ಭೇರುಂಡೇಶ್ವರ. ಈ ಭಾಗದ ಜಮೀನನ್ನು ಅಳೆಯುತ್ತಿದ್ದ ಗಳೆಗೂ ಭೇರುಂಡದ್ದೇ ಹೆಸರು. ದಾನ ಕೊಟ್ಟ ಗದ್ದೆ ಭೇರುಂಡಗಳೆಯಲ್ಲಿ ಎಷ್ಟಾಯಿತು ಎಂದು ಶಾಸನ ಬರೆದಿಡುತ್ತದೆ. ರಾಜಧಾನಿ ಅಂದಮೇಲೆ ಅಳತೆ ಖಚಿತವಾಗಿರಬೇಕು, ಇಲ್ಲದಿದ್ದರೆ ವ್ಯವಹಾರ ನಡೆಯುವುದಿಲ್ಲ.

ವ್ಯವಹಾರವಂತೂ ಭರ್ಜರಿಯಾಗಿತ್ತು. ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘದ ಹೆಸರನ್ನು ಓದುಗರು ಕೇಳಿರಬಹುದು. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತು ದಕ್ಷಿಣ ಭಾರತದ ಉದ್ದಗಲಕ್ಕೂ, ಕಡಲಾಚೆಗೂ ವ್ಯಾಪಾರ ಮಾಡಿದವರು ಅವರು. ಆ ವರ್ತಕರನ್ನು ಹೊಗಳುವ 11ನೆಯ ಶತಮಾನದ ಒಂದು ಶಾಸನ ಬಳ್ಳಿಗಾವಿಯಲ್ಲೇ ಸಿಕ್ಕಿದೆ. ಅದನ್ನು ಓದುತ್ತಿದ್ದರೆ ಅಂಗಡಿಬೀದಿಯಲ್ಲಿ ನಡೆದು ಹೋದ ಹಾಗೇ ಆಗುತ್ತದೆ. ಆನೆ, ಜಾತಿಯ ಕುದುರೆ, ನೀಲ, ಮುತ್ತು, ಮಾಣಿಕ್ಯ, ವಜ್ರ, ಹವಳ, ಪಚ್ಚೆ, ಇವು ಒಂದು ಕಡೆ. ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕೇಸರಿ, ಇವು ಇನ್ನೊಂದು ಕಡೆ. ಚೇರ, ಚೋಳ, ಪಾಂಡ್ಯ, ಮಗಧ, ಸೌರಾಷ್ಟ್ರ, ನೇಪಾಳ, ಪಾರಸ ಮುಂತಾದ ದೇಶಗಳ ಹೆಸರೂ ಬರುತ್ತದೆ. ನೆಲದ ದಾರಿ, ಜಲದ ದಾರಿ ಎರಡರಲ್ಲೂ ಹೋಗುವವರು ಇವರು ಎನ್ನುತ್ತದೆ ಶಾಸನ.

ಹೊಗಳಿಕೆಯಲ್ಲಿ ಉತ್ಪ್ರೇಕ್ಷೆ ಇದ್ದೇ ಇರುತ್ತದೆ, ನಿಜ. ಆದರೆ ಇದೇ ಶಾಸನದಲ್ಲಿ ನನಗೆ ತುಂಬ ಹಿಡಿಸುವ ಒಂದು ವಿವರವಿದೆ. ಈ ವರ್ತಕರು ಸರಕನ್ನು ಸಗಟಾಗಿಯೂ ಮಾರುತ್ತಿದ್ದರು, ಹೆಗಲ ಮೇಲೆ ಹೊತ್ತು ಊರೂರು ತಿರುಗಿಯೂ ಮಾರುತ್ತಿದ್ದರು. ದೊಡ್ಡ ಸೆಟ್ಟಿಯೂ ಹೆಗಲ ಹಸುಂಬೆಯ ವ್ಯಾಪಾರಿಯೂ ಒಂದೇ ಸಂಘದ ಬಿರುದಿನ ಕೆಳಗೆ ಬರುತ್ತಾರೆ. ನಮ್ಮ ಬಾಲ್ಯದಲ್ಲಿ ಗಂಟು ಹೊತ್ತು ಸೀರೆ ಮಾರಲು, ಬುಟ್ಟಿ ಹೊತ್ತು ಬಳೆ ತೊಡಿಸಲು ಹಳ್ಳಿಗೆ ಬರುತ್ತಿದ್ದವರ ಹಿಂದೆ ಇಷ್ಟು ಹಳೆಯ ವಂಶಾವಳಿ ಇದೆ.

ವ್ಯಾಪಾರ ಇದ್ದಲ್ಲಿ ಸುಂಕ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಬನವಾಸಿ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಸುಂಕದ ಅಧಿಕಾರಿಗಳೇ ಅದರ ಒಂದು ಪಾಲನ್ನು ದೇವರ ದೀಪಕ್ಕೆ, ಯತಿಗಳ ಊಟಕ್ಕೆ ಬಿಟ್ಟುಕೊಡುವುದಿತ್ತು. ವರ್ತಕರೂ ಸುಮ್ಮನಿರುತ್ತಿರಲಿಲ್ಲ. ಗಾಣಕ್ಕೆ ಇಂತಿಷ್ಟು ಸೊಲ್ಲಗೆ ಎಣ್ಣೆ, ಎಲೆಯ ಹೇರಿಗೆ ಇಂತಿಷ್ಟು ಎಲೆ ಎಂದು ತಮ್ಮ ಮೇಲೆ ತಾವೇ ಕಟ್ಟಳೆ ಹಾಕಿಕೊಂಡದ್ದನ್ನು ಆ ಕಾಲದ ಎಷ್ಟೋ ಕನ್ನಡ ಶಾಸನಗಳಲ್ಲಿ ಕಾಣಬಹುದು. ಅಂಗಡಿಗಳ ನೆನಪು ಇಷ್ಟಾದರೂ ಉಳಿದುಬಂದಿರುವುದು ಇದರಿಂದಲೇ. ಅಂಗಡಿಯವನ ಲಾಭ ನಷ್ಟದ ಕಡತ ಎಂದೋ ಮಣ್ಣಾಯಿತು. ಅವನು ಇನ್ನೊಬ್ಬರ ಊಟಕ್ಕೆಂದು ತೆಗೆದಿಟ್ಟದ್ದು ಮಾತ್ರ ಕಲ್ಲೇರಿತು. ಆ ಶಾಸನಗಳ ಕೊಳಗ, ಖಂಡುಗದ ಅಳತೆ ನಮ್ಮ ಅಜ್ಜಂದಿರ ಕಣದವರೆಗೂ ಬಂತು.

ಇನ್ನು ಅಡುಗೆಮನೆಯ ವಿಷಯ. ಕೇದಾರೇಶ್ವರ ಗುಡಿಯನ್ನು ಒಳಗೊಂಡಿದ್ದ ಸಂಸ್ಥೆಯೇ ಕೋಡಿಮಠ. ನಡೆಸುತ್ತಿದ್ದವರು ಕಾಳಾಮುಖ ಶೈವರು. ಕಾಳಾಮುಖರೆಂದರೆ ಕಪಾಲ ಹಿಡಿದು ತಿರುಗುವ ಉಗ್ರ ಯತಿಗಳು ಎಂಬ ಚಿತ್ರ ನಮ್ಮಲ್ಲಿ ಹೇಗೋ ನೆಲೆನಿಂತಿದೆ. 1162ರ ಶಾಸನವನ್ನು ಓದಿದವರ ಮನಸ್ಸಿನಲ್ಲಿ ಆ ಚಿತ್ರ ಉಳಿಯುವುದಿಲ್ಲ. ಕಳಚೂರಿ ಬಿಜ್ಜಳ ಆ ವರ್ಷ ಬಳ್ಳಿಗಾವಿಯಲ್ಲಿ ಬೀಡುಬಿಟ್ಟಿದ್ದಾಗ, ಬನವಾಸಿ ನಾಡನ್ನು ನೋಡಿಕೊಳ್ಳುತ್ತಿದ್ದ ಕಾಸಪಯ್ಯ ನಾಯಕ ಇದು ದಕ್ಷಿಣ ಕೇದಾರ, ಇಲ್ಲಿಗೆ ದಾನ ಕೊಡಬೇಕು ಎಂದು ಅರಿಕೆ ಮಾಡಿದ. ಮಠದ ಆಚಾರ್ಯರಾಗಿದ್ದವರು ವಾಮಶಕ್ತಿ. ದಾನದ ವಿವರಕ್ಕೆ ಮೊದಲು ಶಾಸನ ಮಠದಲ್ಲಿ ಏನೇನು ನಡೆಯುತ್ತದೆ ಎಂದು ಬಿಡಿಸಿ ಹೇಳುತ್ತದೆ.

ಅಲ್ಲಿ ನಾಲ್ಕು ವೇದಗಳ ಪಾಠವಿತ್ತು. ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳನ್ನು ಹೇಳಿಕೊಡುತ್ತಿದ್ದರು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆ ಬೌದ್ಧ ದರ್ಶನವೂ ಇತ್ತು. ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣ, ಕಾವ್ಯ, ನಾಟಕ ಇವೂ ಪಟ್ಟಿಯಲ್ಲಿವೆ. ಶೈವ ಮಠವೊಂದು ಜೈನರ ಶಾಕಟಾಯನ ವ್ಯಾಕರಣವನ್ನೂ ಬೌದ್ಧರ ತತ್ತ್ವವನ್ನೂ ಪಾಠ ಮಾಡುತ್ತಿತ್ತು ಎಂಬುದನ್ನು ಇಂದಿನ ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿಯಬೇಕು.

ಪಾಠದ ಪಟ್ಟಿ ಮುಗಿದ ಮೇಲೆ ಪಂಕ್ತಿ. ಇಲ್ಲಿ ಊಟಕ್ಕೆ ದುಡ್ಡಿಲ್ಲ. ಯಾರಿಗೆ ಊಟ? ದೀನರಿಗೆ, ಅನಾಥರಿಗೆ, ಕಾಲಿಲ್ಲದವರಿಗೆ, ಕಣ್ಣಿಲ್ಲದವರಿಗೆ, ಕಿವಿ ಕೇಳದವರಿಗೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕೊಳಲೂದುವವರು, ಕುಣಿಯುವವರು, ಹೊಗಳುಭಟರು ಎಲ್ಲರೂ ಎಲೆ ಮುಂದೆ ಕೂರುತ್ತಾರೆ. ಕ್ಷಪಣಕರೆಂಬ ಜೈನ ಯತಿಗಳಿಗೆ, ಏಕದಂಡಿ ತ್ರಿದಂಡಿ ಸಂನ್ಯಾಸಿಗಳಿಗೆ, ಹಂಸ ಪರಮಹಂಸರಿಗೆ, ನಾನಾ ದೇಶದಿಂದ ಬಂದ ಭಿಕ್ಷುಕರಿಗೆ ಊಟವಿದೆ. ನೀನು ಯಾವ ಮತದವನು ಎಂದು ಕೇಳಿ ಬಡಿಸುವ ಪದ್ಧತಿ ಅಲ್ಲಿರಲಿಲ್ಲ ಎಂಬುದಕ್ಕೆ ಈ ಪಟ್ಟಿಗಿಂತ ಬೇರೆ ಸಾಕ್ಷಿ ಬೇಡ. ಅನಾಥ ರೋಗಿಗಳಿಗೆ ಚಿಕಿತ್ಸೆಯೂ ಅಲ್ಲೇ ಸಿಗುತ್ತಿತ್ತು. ಸಕಲ ಜೀವಿಗಳಿಗೂ ಅಭಯ ಕೊಡುವ ಜಾಗ ಇದು ಎಂದು ಶಾಸನ ಮಾತು ಮುಗಿಸುತ್ತದೆ.

ಆ ಪಂಕ್ತಿಯಲ್ಲಿ ಏನು ಬಡಿಸುತ್ತಿದ್ದರು ಎಂದು ಕೇಳದೆ ಇರಲು ನಮ್ಮ ನಾಲಿಗೆ ಬಿಡುವುದಿಲ್ಲ. ಕೋಡಿಮಠದ ಕಲ್ಲು ಭಕ್ಷ್ಯದ ಹೆಸರು ಬರೆದಿಲ್ಲ. ಆ ಕಾಲದ ರುಚಿ ಮಾತ್ರ ಬೇರೆ ಕಡೆ ಸಿಗುತ್ತದೆ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ಅನ್ನಭೋಗ ಭಾಗದಲ್ಲಿ ಇಡ್ಡರಿಕೆ, ದೋಸಕ, ವಟಕ, ಮಂಡಕ ಬರುತ್ತವೆ. ನಮ್ಮ ಇಡ್ಲಿ, ದೋಸೆ, ವಡೆ, ಮಂಡಿಗೆಗಳೇ ಇವು. ಇಡ್ಡರಿಕೆಗೆ ಆಗ ಅಕ್ಕಿ ಬೀಳುತ್ತಿರಲಿಲ್ಲ, ಉದ್ದಿನಹಿಟ್ಟಷ್ಟೇ. ಅರಮನೆಯ ಅಡುಗೆ ಮಠದ ಪಂಕ್ತಿಗೆ ಬಂತೆಂದು ಹೇಳಲಾಗದು. ಆದರೂ ಬಳ್ಳಿಗಾವಿಯನ್ನು ಆಳುತ್ತಿದ್ದ ದೊರೆಯೇ ಇಡ್ಲಿಯ ಪಾಕ ಬರೆದಿಟ್ಟ ಎಂಬುದು ಸಣ್ಣ ಸಂತೋಷವೇನಲ್ಲ.

ಪಂಕ್ತಿಯಲ್ಲಿ ವಾದ್ಯಗಾರರಿದ್ದರು ಎಂದೆನಲ್ಲ. ಹರಿಹರ ಕವಿಯ ರಗಳೆಯ ಪ್ರಕಾರ ಅಲ್ಲಮಪ್ರಭು ಇದೇ ಊರಿನಲ್ಲಿ ಮದ್ದಳೆ ಬಾರಿಸುತ್ತಿದ್ದವನು. ಬೇಲೂರಿನ ಗುಡಿಯಲ್ಲಿ ಹೆಸರು ಕೆತ್ತಿಹೋದ ದಾಸೋಜ, ಅವನ ಮಗ ಚಾವಣ ಇಬ್ಬರೂ ಬಳ್ಳಿಗಾವಿಯ ಶಿಲ್ಪಿಗಳು. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರಿಗೂ ಇಲ್ಲಿ ಮಠಗಳಿದ್ದುವೆಂದು 1129ರ ಶಾಸನ ಹೇಳುತ್ತದೆ. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ತಾರಾಭಗವತಿಗಾಗಿ ಬೌದ್ಧ ವಿಹಾರವನ್ನೇ ಕಟ್ಟಿಸಿದ್ದ. ಕೊಳ್ಳುವವರು, ಮಾರುವವರು, ಓದುವವರು, ಕಡೆಯುವವರು, ನುಡಿಸುವವರು ಒಂದೇ ಊರಿನಲ್ಲಿ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿ ಬಳ್ಳಿಗಾವಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಆಳುವವರು ಬದಲಾದರು, ಅಧಿಕಾರದ ಕೇಂದ್ರ ಬೇರೆಡೆ ಹೋಯಿತು, ಪೇಟೆ ಕರಗಿತು. 1865ರಲ್ಲಿ ಮೇಜರ್ ಡಿಕ್ಸನ್ ಇಲ್ಲಿಯ ಶಾಸನಗಳ ಫೋಟೊ ತೆಗೆದ. ಶಾಸನತಜ್ಞ ಬಿ.ಎಲ್. ರೈಸ್ 1879ರಲ್ಲಿ ಇವುಗಳ ಇಂಗ್ಲಿಷ್ ಅನುವಾದ ತಂದರು. 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳು ಅಚ್ಚಾದವು. ವಿದ್ವಾಂಸರ ಮಟ್ಟಿಗೆ ಕೆಲಸ ಆಯಿತು. ಗುಡಿಯ ಆವರಣದಲ್ಲಿ ನಿಂತ ಸಾಮಾನ್ಯ ಓದುಗನಿಗೆ ಅದು ಇನ್ನೂ ತಲುಪಿಲ್ಲ. ಅವನ ಎದುರಿನ ಕಲ್ಲಿನಲ್ಲಿ ಮೇಲೆ ಲಿಂಗ, ಪಕ್ಕದಲ್ಲಿ ಕರುವಿಗೆ ಹಾಲೂಡುವ ಹಸು, ಸೂರ್ಯ ಚಂದ್ರ, ಕೆಳಗೆ ಸಾಲುಸಾಲು ಗುಂಡನೆಯ ಹಳೆಯ ಅಕ್ಷರ. ಚೆಂದ ಇದೆ ಎಂದು ಮುಟ್ಟಿ ಮುಂದೆ ಹೋಗುತ್ತಾನೆ. ಆ ಅಕ್ಷರಗಳಲ್ಲಿ ಲವಂಗ ಇದೆ, ಎಣ್ಣೆ ಇದೆ, ಕುರುಡನ ಮುಂದೆ ಹಾಸಿದ ಎಲೆ ಇದೆ ಎಂದು ಅವನಿಗೆ ಹೇಳುವವರಿಲ್ಲ.

ಪ್ರಾಚ್ಯವಸ್ತು ಇಲಾಖೆಗಳು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವಲ್ಲ. ಮುಖ್ಯವಾದ ಹತ್ತು ಶಾಸನಗಳ ಪಕ್ಕ, ಅವುಗಳ ತಿರುಳನ್ನು ಇಂದಿನ ಕನ್ನಡದಲ್ಲಿ ಬರೆದ ಫಲಕ ನಿಲ್ಲಿಸಲಿ. ಅಲ್ಲಿಯವರೆಗೆ, ಶಾಲೆಯ ಪ್ರವಾಸ ಕರೆತರುವ ಮೇಷ್ಟ್ರುಗಳು ಕೋಡಿಮಠದ ಊಟದ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ತಂದು ಕೇದಾರೇಶ್ವರನ ಮುಂದೆ ಮಕ್ಕಳಿಗೆ ಓದಿ ಹೇಳಲಿ. ಶಿಕಾರಿಪುರದಿಂದ ಶಿರಾಳಕೊಪ್ಪದ ದಾರಿಯಲ್ಲಿ ಸುಮಾರು 20 ಕಿ.ಮೀ. ಬಂದರೆ ಬಳ್ಳಿಗಾವಿ. ತಾಳಗುಂದ, ಬಂದಳಿಕೆ, ಅಕ್ಕಮಹಾದೇವಿಯ ಉಡುತಡಿ ಎಲ್ಲವೂ ಇದೇ ತಾಲ್ಲೂಕಿನವು. ಬೆಳಗ್ಗೆ ಬೇಗ ಹೊರಟರೆ ಒಂದೇ ದಿನದಲ್ಲಿ ನೋಡಿ ಬರಬಹುದು.